ಇಳಿಜಾರು ಯಾರದು?

ನುಂಗಿದ ಮಾತ್ರೆಯ ಔಷಧ ಎಷ್ಟು ಬೇಗ, ಎಷ್ಟು ಪ್ರಮಾಣದಲ್ಲಿ ರಕ್ತ ಸೇರಿತೆಂಬುದನ್ನು ನೇರವಾಗಿ ಅಳೆಯುವ ಸುಲಭ ಉಪಾಯವಿಲ್ಲವಾದ್ದರಿಂದ, ಹೊತ್ತುಹೊತ್ತಿಗೆ ತೆಗೆದ ರಕ್ತದಲ್ಲಿ ಔಷಧದ ಮಟ್ಟವನ್ನು ಗುರುತಿಸಿ, ಆ ಏರಿಳಿತದ ರೇಖೆಯಿಂದಲೇ ಹೀರಿಕೆಯನ್ನು ಲೆಕ್ಕಹಾಕುವುದು ರೂಢಿ. ಆದರೆ ರಕ್ತದಲ್ಲಿ ಸಿಗುವುದು ಒಳಬಂದದ್ದರಲ್ಲಿ ಹೊರಹೋದದ್ದನ್ನೂ ಅಂಗಾಂಶಗಳಿಗೆ ಹರಡಿದ್ದನ್ನೂ ಕಳೆದು ಉಳಿದ ಶಿಲ್ಕು ಮಾತ್ರ. ಖರ್ಚನ್ನು ತಪ್ಪಾಗಿ ಬರೆದವರಿಗೆ ಜಮೆ ಸರಿಯಾಗಿ ಸಿಗುವುದಿಲ್ಲ.

ಇದಕ್ಕೆ ಪೆನಿಸಿಲಿನ್‌ಗಿಂತ ಸೊಗಸಾದ ಉದಾಹರಣೆ ಬೇಕಿಲ್ಲ. ರಕ್ತನಾಳಕ್ಕೆ ಕೊಟ್ಟ ಬೆಂಜೈಲ್ ಪೆನಿಸಿಲಿನ್ನಿನ ಅರ್ಧಾಯು, ಎಂದರೆ ಅದರ ಮಟ್ಟ ಅರ್ಧಕ್ಕಿಳಿಯಲು ಹಿಡಿಯುವ ಕಾಲ, ಮೂತ್ರಪಿಂಡ ಸರಿಯಿರುವವರಲ್ಲಿ ಸುಮಾರು 30 ನಿಮಿಷ. ಅದನ್ನೇ ಬೆಂಜಥೀನ್ ಲವಣವಾಗಿ ಸ್ನಾಯುವಿಗೆ ಚುಚ್ಚಿದರೆ ವಾರಗಟ್ಟಲೆ ರಕ್ತದಲ್ಲಿ ಅದರ ಸುಳಿವಿರುತ್ತದೆ; ರುಮ್ಯಾಟಿಕ್ ಜ್ವರ ಮರುಕಳಿಸದಂತೆ ಮೂರು ನಾಲ್ಕು ವಾರಕ್ಕೊಂದು ಚುಚ್ಚುಮದ್ದು ಸಾಕಾಗುವುದು ಇದರಿಂದಲೇ. ಇಲ್ಲಿ ಮೂತ್ರಪಿಂಡಗಳೇನೂ ನಿಧಾನಿಸಿಲ್ಲ. ಸ್ನಾಯುವಿನಲ್ಲಿ ಕೂತ ಲವಣ ಕರಗುವುದೇ ತಡವಾದ್ದರಿಂದ ರೇಖೆಯ ಕೊನೆಯ ಇಳಿಜಾರು ಹೀರಿಕೆಯ ವೇಗವನ್ನು ತೋರಿಸುತ್ತದೆಯೇ ಹೊರತು ವಿಸರ್ಜನೆಯದನ್ನಲ್ಲ. ‘ಫ್ಲಿಪ್-ಫ್ಲಾಪ್’ ಎನ್ನುವ ಈ ಅದಲುಬದಲು ರೇಖೆಯನ್ನು ನೋಡಿದ ಮಾತ್ರಕ್ಕೆ ಗೊತ್ತಾಗದು, ಏಕೆಂದರೆ ಎರಡು ವೇಗಗಳು ಸ್ಥಾನ ಬದಲಿಸಿಕೊಂಡರೂ ಅದರ ಆಕಾರ ಹಾಗೆಯೇ ಇರುತ್ತದೆ. ರಕ್ತನಾಳಕ್ಕೆ ಕೊಟ್ಟಾಗಿನ ರೇಖೆಯನ್ನು ಪಕ್ಕದಲ್ಲಿಟ್ಟು ನೋಡಬೇಕು.

ಶರೀರವನ್ನು ಒಂದೇ ವಿಭಾಗವೆಂದು ಭಾವಿಸಿ 1963ರಲ್ಲಿ ವ್ಯಾಗ್ನರ್ ಮತ್ತು ನೆಲ್ಸನ್ ರೂಪಿಸಿದ ವಿಧಾನದಲ್ಲಿ ಇನ್ನೊಂದು ಮೋಸವಿದೆ. ಅದರ ಹೀರಿಕೆಯ ನಕ್ಷೆ ಯಾವಾಗಲೂ ಶೇ 100ಕ್ಕೆ ಹೋಗಿಯೇ ನಿಲ್ಲುತ್ತದೆ; ಡೋಸಿನ ಮೂರರಲ್ಲೊಂದು ಪಾಲಷ್ಟೇ ರಕ್ತ ತಲುಪಿದ್ದರೂ ನಕ್ಷೆ ಹಾಗೆಯೇ ಕಾಣುತ್ತದೆ, ಏಕೆಂದರೆ ಅದು ಎಣಿಸುವುದು ತಲುಪಿದ್ದರ ಪಾಲನ್ನು, ಕೊಟ್ಟದ್ದರ ಪಾಲನ್ನಲ್ಲ. ಈ ವ್ಯತ್ಯಾಸವನ್ನು ಮರೆತು ಮಾತ್ರೆ ಪೂರ್ತಿ ಹೀರಲ್ಪಟ್ಟಿತೆಂದು ಬರೆಯುವುದು ಅಕ್ಷಮ್ಯ.

ರೇಖೆಯ ಕೆಳಗಿನ ವಿಸ್ತೀರ್ಣವೇ ಒಟ್ಟು ಹೀರಿಕೆಯ ಅಳತೆಯಾದ್ದರಿಂದ, ಬಿಂದುಗಳ ನಡುವೆ ಗೆರೆ ಎಳೆಯುವ ರೀತಿಯೂ ಮುಖ್ಯ. ಆರು ಗಂಟೆಯಲ್ಲಿ ಮಟ್ಟ 8ರಿಂದ 2ಕ್ಕೆ ಇಳಿದಾಗ ನೇರ ಗೆರೆಯ ಲೆಕ್ಕ 30 ಕೊಟ್ಟರೆ, ನಿಜವಾದ ಬಾಗನ್ನು ಅನುಸರಿಸುವ ಲಾಗರಿದಮ್ ಲೆಕ್ಕ ಸುಮಾರು 26 ಕೊಡುತ್ತದೆ. ಮಾದರಿಗಳ ನಡುವಿನ ಅಂತರ ಹೆಚ್ಚಿದಷ್ಟೂ ಉತ್ಪ್ರೇಕ್ಷೆ ಹೆಚ್ಚು. ಕೊನೆಯ ಮಾದರಿಯ ಆಚೆಗಿನ ವಿಸ್ತೀರ್ಣವಂತೂ ಬರೀ ಊಹೆ. ಹಾಗಾಗಿ ಯುರೋಪಿನ ಔಷಧ ನಿಯಂತ್ರಕರು ಸಮಾನತಾ ಪರೀಕ್ಷೆಗಳಲ್ಲಿ ಒಟ್ಟು ವಿಸ್ತೀರ್ಣದ ಶೇ 80ರಷ್ಟಾದರೂ ಅಳೆದ ಮಾದರಿಗಳಿಂದಲೇ ಬಂದಿರಬೇಕೆಂದು ಬಯಸುತ್ತಾರೆ.