ಅರ್ಧಕ್ಕೇ ನಿಲ್ಲುವ ಸಾಲು

ಅಲೆಕ್ಸಾಂಡರ್ ಪೋಪ್‌ನ ‘ಓಡ್ ಆನ್ ಸಾಲಿಟ್ಯೂಡ್’ ಐದೇ ಪದ್ಯಗಳ ಕವಿತೆ. 12 ತುಂಬುವ ಮೊದಲೇ ಬರೆದದ್ದೆಂದು ಕವಿ 1709ರ ಪತ್ರವೊಂದರಲ್ಲಿ ಹೇಳಿಕೊಂಡಿದ್ದಾನೆ. ಅಪ್ಪನಿಂದ ಬಂದ ತುಂಡು ನೆಲ, ಹಾಲು, ನೆರಳು, ನಿದ್ದೆ: ವಸ್ತುವೆಲ್ಲ ರೋಮನ್ ಕವಿ ಹೊರೇಸನ ಹಳೆಯ ದಾರಿಯದೇ. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ನಡಿಗೆ.

ಸಾಮಾನ್ಯವಾಗಿ 8 ಉಚ್ಚಾರಾಂಶಗಳ ಮೂರು ಸಾಲು, ಆಮೇಲೆ ಅದರರ್ಧದಷ್ಟೇ ಉದ್ದದ ನಾಲ್ಕನೆಯದು. ಭಾಮಿನಿ ಷಟ್ಪದಿಗೆ ಒಗ್ಗಿದ ನಮ್ಮ ಕಿವಿಗೆ ಇದು ತಿರುವುಮುರುವು. ಅಲ್ಲಿ 14 ಮಾತ್ರೆಗಳ ಎರಡು ಸಾಲಾದ ಮೇಲೆ ಮೂರನೆಯದು 23ಕ್ಕೆ ಹಿಗ್ಗಿ ಕಥೆಯನ್ನು ಮುಂದಕ್ಕೆ ನುಗ್ಗಿಸುತ್ತದೆ. ಇಲ್ಲಿ ಕೊನೆಯ ಸಾಲು ಕುಗ್ಗುತ್ತದೆ. ಉಳಿದ ಜಾಗವೆಲ್ಲ ಮೌನಕ್ಕೆ. ಇಷ್ಟು ಸಾಕು ಎನ್ನುವವನ ಬಾಳಿಗೆ ಎಷ್ಟು ಒಪ್ಪುವ ಛಂದಸ್ಸು!

ಮೂರನೆಯ ಪದ್ಯವನ್ನು ಗಟ್ಟಿಯಾಗಿ ಓದಬೇಕು. ಗಂಟೆ, ದಿನ, ವರ್ಷ ಮೂರೂ ಒಂದೇ ಸಾಲಿನಲ್ಲಿ ಜಾರಿಹೋಗುವ ಕಡೆ ಸಕಾರದ ಸದ್ದುಗಳು ಒಂದರ ಬೆನ್ನಿಗೊಂದು ಬರುತ್ತವೆ, ನಾಲಗೆಗೆ ಎಲ್ಲೂ ತಡೆಯಿಲ್ಲ. ಆ ಪದ್ಯದ ಗಿಡ್ಡ ಸಾಲು ಹಗಲಿನ ನೆಮ್ಮದಿ ಹೇಳುತ್ತದೆ, ಆದರೆ ವಾಕ್ಯ ಮುಗಿಯುವುದಿಲ್ಲ. ಪದ್ಯದ ಅಂಚು ದಾಟಿ ಮುಂದಿನದರ ಮೊದಲಲ್ಲೇ ಇರುಳ ನಿದ್ದೆಗೆ ಇಳಿಯುತ್ತದೆ. ಹಗಲು ರಾತ್ರಿಯಾಗುವುದನ್ನು ರಚನೆಯೇ ಮಾಡಿ ತೋರಿಸುವ ಈ ಜಾಗ ನನಗೆ ಅತ್ಯಂತ ಪ್ರಿಯ. ಅದೇ ನಾಲ್ಕನೆಯ ಪದ್ಯ ಆಮೇಲೆ ಕೊಂಚ ಸಡಿಲವಾಗುತ್ತದೆ, ಬರೀ ಪ್ರತ್ಯಯದ ಮೇಲೆ ನಿಂತ ಪ್ರಾಸ ಅಲ್ಲಿಯದು.

ಕೊನೆಯ ಪದ್ಯದಲ್ಲಿ ಕವಿತೆ ಮತ್ತೆ ಬಿಗಿಯಾಗುತ್ತದೆ. ‘ಅನ್’ ಎಂಬ ನಿಷೇಧ ಎರಡೇ ಸಾಲಿನಲ್ಲಿ ಮೂರು ಸಲ. ಅದರ ನಕಾರ ಪ್ರಾಸಕ್ಕೂ ಹಬ್ಬಿ, ‘ಅನ್‌ನೋನ್’ಗೆ ‘ಸ್ಟೋನ್’ ಜೊತೆಯಾಗುತ್ತದೆ. ಅವನು ಬೇಡವೆನ್ನುವ ಗೋರಿಗಲ್ಲು ಅದೇ.