ಆಟದ ಮೈಸೂರು, ದಂಡಿನ ಮೈಸೂರು

ಯುದ್ಧದಾಟಗಳಲ್ಲಿ ಆಡುವವನು ಮೊದಲು ಮಾಡಬೇಕಾದ ಕೆಲಸ ಒಂದು ಪಕ್ಷವನ್ನು ಆರಿಸಿಕೊಳ್ಳುವುದು. ಮನುಷ್ಯ ಒಳಗೆ ಕುಳಿತು ನಡೆಸುವ ದೈತ್ಯ ಯಂತ್ರಗಳ ಕಾಳಗವಿರಲಿ, ಹಳೆಯ ಕಾಲದ ಫಿರಂಗಿ-ಕುದುರೆಗಳ ಕಾಳಗವಿರಲಿ, ಪ್ರತಿ ಪಕ್ಷಕ್ಕೂ ಒಂದು ಬಣ್ಣ, ಒಂದು ಬಾವುಟ, ಒಂದಿಷ್ಟು ಕಲ್ಪಿತ ಚರಿತ್ರೆ ಮತ್ತು ಅದಕ್ಕೇ ಮೀಸಲಾದ ಹೋರಾಟದ ರೀತಿ ಇರುತ್ತದೆ. ಅಮೆರಿಕದಲ್ಲಿ 1984ರಲ್ಲಿ ಹುಟ್ಟಿದ 'ಬ್ಯಾಟಲ್‌ಟೆಕ್' ಎಂಬ ಯಂತ್ರಯುದ್ಧದ ಆಟದಲ್ಲಿ 'ಅಝಾಮಿ' ಎಂಬ ಮುಸ್ಲಿಮ್ ಜನಾಂಗವೂ ಇದೆ. ಅವರು ಉತ್ತರ ಆಫ್ರಿಕಾದಿಂದ ನಕ್ಷತ್ರಲೋಕಕ್ಕೆ ವಲಸೆ ಹೋದವರ ಸಂತತಿ. ಜಪಾನಿ ಸಮುರಾಯಿಗಳ ಅಚ್ಚಿನಲ್ಲಿ ಎರಕ ಹೊಯ್ದ ಸಾಮ್ರಾಜ್ಯವೊಂದರ ಅಡಿಯಲ್ಲಿ ತಮ್ಮದೇ ಸೇನೆ ಇಟ್ಟುಕೊಂಡವರು. ಆಟದ ಮೇಜಿನ ಮೇಲೆ ಅವರು ಬರುವುದು ಕಾದಾಡಲು. ಅವರ ಸಂಸ್ಕೃತಿಯೆಂದರೆ ಅವರು ಹೋರಾಡುವ ಬಗೆ, ಅಷ್ಟೆ.

ಕಲ್ಪನೆಯ ಜನಾಂಗಕ್ಕೆ ಇದರಿಂದ ನಷ್ಟವೇನಿಲ್ಲ. ಆದರೆ ಬದುಕಿ ಬಾಳಿದ ರಾಜ್ಯವೊಂದನ್ನೇ ಹೀಗೆ ಆಟದ ಪಕ್ಷವಾಗಿ ಮಾಡಿಕೊಂಡರೆ? ಮೈಸೂರಿಗೆ ಆಗಿರುವುದು ಅದೇ ಎಂದು ನಮಗೆ ಅನಿಸುತ್ತದೆ. 2009ರಲ್ಲಿ ಬಂದ 'ಎಂಪೈರ್: ಟೋಟಲ್ ವಾರ್' ಎಂಬ ಕಂಪ್ಯೂಟರ್ ಆಟದ ಭೂಪಟದಲ್ಲಿ ಮೈಸೂರು ಎಂಬ ಹೆಸರೇ ಇದೆ. ಅದು ನಿನ್ನೆ ಮೊನ್ನೆಯ ಮಾತು. ನಮ್ಮ ದೂರದರ್ಶನ ಈ ಕೆಲಸವನ್ನು ಅದಕ್ಕೂ ಮುಂಚೆಯೇ ಅಧಿಕೃತವಾಗಿ ಮಾಡಿತ್ತು. ಭಗವಾನ್ ಗಿದ್ವಾನಿಯವರ 1976ರ ಕಾದಂಬರಿಯನ್ನು ಆಧರಿಸಿ ಸಂಜಯ್ ಖಾನ್ ತಯಾರಿಸಿದ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿ 1990ರಲ್ಲಿ ಪ್ರಸಾರವಾದಾಗ, ಇದೆಲ್ಲ ಕಲ್ಪಿತ ಕಥೆ ಎಂಬ ಘೋಷಣೆಯೊಂದಿಗೆ ಅದನ್ನು ತೋರಿಸಬೇಕಾಯಿತು. ಟಿಪ್ಪುವಿನ ದಂಡು ಹೀಗೆ ಸರಕಾರದ ಮೊಹರಿನೊಂದಿಗೆ ಕಲ್ಪಿತ ಸೇನೆಯಾಯಿತು. ಆದರೆ ಆ ಕಲ್ಪಿತ ದಂಡಿಗಾಗಿ ತೆತ್ತ ಬೆಲೆ ಕಲ್ಪಿತವಲ್ಲ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಚಿತ್ರೀಕರಣದ ವೇಳೆ ಹೊತ್ತಿಕೊಂಡ ಬೆಂಕಿಗೆ 62 ಮಂದಿ ಬಲಿಯಾದರು. ಧಾರಾವಾಹಿಯ ವೈಭವವನ್ನು ಈಗಲೂ ನೆನೆಯುವವರು ಇದ್ದಾರೆ, ಆ 62 ಮಂದಿಯನ್ನು ನೆನೆಯುವವರು ವಿರಳ.

ಧಾರಾವಾಹಿಯ ಹೆಸರಿನಲ್ಲೇ ಖಡ್ಗವಿದೆ. ಪೋಸ್ಟರಿನಲ್ಲಿ, ಕ್ಯಾಲೆಂಡರಿನಲ್ಲಿ, ಜಯಂತಿಯ ಬ್ಯಾನರಿನಲ್ಲಿ ಕಾಣುವುದೂ ಅದೇ: ಒಂದು ಖಡ್ಗ, ಒಂದು ಹುಲಿ, ಒಬ್ಬ ವೀರ. ಟಿಪ್ಪುವಿಗೆ ಹುಲಿಯ ಮೇಲಿದ್ದ ಮೋಹ ನಿಜ. ಅವನ ಸಿಪಾಯಿಗಳ ಉಡುಪಿನ ಮೇಲೆ 'ಬಬ್ರಿ' ಎಂಬ ಹುಲಿಪಟ್ಟೆಯಿತ್ತು, ಸಿಂಹಾಸನದಲ್ಲಿ ಚಿನ್ನದ ಹುಲಿಮುಖಗಳಿದ್ದವು. ಬಿಳಿಯನೊಬ್ಬನ ಮೇಲೆ ಎರಗಿದ ಮರದ ಹುಲಿಯಂತೂ ಜಗತ್ಪ್ರಸಿದ್ಧ. ಹಿಡಿಕೆ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಕೆಳಗೆ ಬಿದ್ದವನು ಕೈಯೆತ್ತಿ ನರಳುತ್ತಾನೆ. ಹೊಟ್ಟೆಯೊಳಗೆ ನುಡಿಸಬಹುದಾದ ಒಂದು ಆರ್ಗನ್ ವಾದ್ಯವೂ ಇದೆ. 1799ರ ಲೂಟಿಯಲ್ಲಿ ಲಂಡನ್ನಿಗೆ ಹೋದ ಅದನ್ನು 1808ರಿಂದ ಕಂಪೆನಿಯ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟರು. ಈಗ ಅದು ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಗೆದ್ದವರಿಗೆ ಅದು ಬಹಳ ಅನುಕೂಲದ ವಸ್ತುವಾಗಿತ್ತು. ಎದುರಾಳಿ ಎಂಥ ಕ್ರೂರಿ ಎಂದು ಬಾಯಿಮಾತಿನಲ್ಲಿ ಹೇಳಬೇಕಾಗಿರಲಿಲ್ಲ, ಹಿಡಿಕೆ ತಿರುಗಿಸಿದರೆ ಸಾಕಿತ್ತು. ಆದರೆ ಹುಲಿಯನ್ನು ಕೆತ್ತಿದ ಬಡಗಿ, ಕೊಳವೆಗಳನ್ನು ಜೋಡಿಸಿದ ಕುಶಲಕರ್ಮಿ, ಇವರ ಬಗ್ಗೆ ಯಾರೂ ಕೇಳಲಿಲ್ಲ.

ನಿಜವಾದ ದಂಡಿನ ಹೋರಾಟದ ರೀತಿ ಯಾವುದು? ಅದರ ಉತ್ತರ ಖಡ್ಗದಲ್ಲಿಲ್ಲ, ಕುಲುಮೆಯಲ್ಲಿ ಮತ್ತು ಕೊಟ್ಟಿಗೆಯಲ್ಲಿದೆ. ಮೈಸೂರಿನ ರಾಕೆಟ್ಟಿನ ವಿಶೇಷ ಅದರ ಕಬ್ಬಿಣದ ಕೊಳವೆ. ಕಾಗದದ ಅಥವಾ ಬಿದಿರಿನ ಕೊಳವೆ ತಾಳಲಾರದ ಒತ್ತಡವನ್ನು ಸುತ್ತಿಗೆಯಿಂದ ಬಡಿದು ಮಾಡಿದ ಕಬ್ಬಿಣ ತಾಳುತ್ತಿತ್ತು. ಒಳಗೆ ಮದ್ದನ್ನು ಬಿಗಿಯಾಗಿ ತುಂಬಬಹುದಿತ್ತು, ಬಾಣ ದೂರ ಹಾರುತ್ತಿತ್ತು. ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಬರೆದ ಪ್ರಬಂಧ ಈ ವಿಷಯವನ್ನು ಅಭಿಮಾನದ ಅಬ್ಬರವಿಲ್ಲದೆ ವಿವರಿಸುತ್ತದೆ. ಝೈನುಲ್ ಆಬಿದೀನ್ ಶುಸ್ತರಿ ಪಾರ್ಸಿಯಲ್ಲಿ ಸಿದ್ಧಪಡಿಸಿದ 'ಫತ್‌ಹುಲ್ ಮುಜಾಹಿದೀನ್' ಎಂಬ ಸೇನಾ ಕೈಪಿಡಿಯ ಹೆಸರು ಕೇಳಿ ಇಂದು ಕೆಲವರು ಹುಬ್ಬೇರಿಸಬಹುದು. ಅದರ ಒಳಗಿರುವುದು ಹೆಚ್ಚಾಗಿ ಕವಾಯತು, ಸಾಲು ಕಟ್ಟುವ ಕ್ರಮ, 'ಕುಷೂನ್' ಎಂಬ ದಳಗಳ ವಿಂಗಡಣೆ. ಒಂದೊಂದು ಕುಷೂನಿಗೂ ರಾಕೆಟ್ ಹಾರಿಸುವವರ ತಂಡವನ್ನು ಲಗತ್ತಿಸಿದ್ದರು.

ಇನ್ನು ಕೊಟ್ಟಿಗೆ. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯನ್ನು ಹೈದರಲಿ ಬೆಳೆಸಿದ, ಟಿಪ್ಪು ಅದಕ್ಕೆ 'ಅಮೃತ್ ಮಹಲ್' ಎಂದು ಹೆಸರಿಟ್ಟ. ಕಂಪೆನಿಯ ದಂಡನ್ನು ಕಂಗೆಡಿಸಿದ ಮೈಸೂರಿನ ವೇಗದ ಹಿಂದೆ ಫಿರಂಗಿ ಎಳೆದ ಈ ಎತ್ತುಗಳಿದ್ದವು. ಇದನ್ನು ಚೆನ್ನಾಗಿ ಬಲ್ಲ ಇಂಗ್ಲಿಷರು 1799ರ ಬಳಿಕ ದನಗಳ ಇಡೀ ಇಲಾಖೆಯನ್ನೇ ತಮ್ಮ ವಶಕ್ಕೆ ತೆಗೆದುಕೊಂಡರು. ಒಡೆಯರಿಂದ ಸುಲ್ತಾನನಿಗೆ, ಸುಲ್ತಾನನಿಂದ ಕಂಪೆನಿಗೆ ಬಂದ ಈ ತಳಿ ಯಾವ ಪಕ್ಷಕ್ಕೆ ಸೇರಿದ್ದು? ಆಟದ ನಿಯಮ ಪುಸ್ತಕದಲ್ಲಿ ಇದಕ್ಕೆ ಜಾಗ ಸಿಗುವುದು ಕಷ್ಟ. ಎತ್ತಿನ ಚಿತ್ರ ಹಾಕಿದ ಟಿಪ್ಪು ಬ್ಯಾನರನ್ನು ನಾವಂತೂ ಕಂಡಿಲ್ಲ.

ಮೈಸೂರು ತನ್ನ ಕಾಳಗವನ್ನು ತಾನೇ ಹೇಗೆ ಕಂಡುಕೊಂಡಿತ್ತು ಎಂದು ನೋಡಬೇಕಾದರೆ ನಗರದಿಂದ ಹದಿನೈದು ಕಿಲೋಮೀಟರ್ ಆಚೆಗಿನ ಶ್ರೀರಂಗಪಟ್ಟಣಕ್ಕೆ ಹೋಗಬೇಕು. 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್‌ನ ಪಶ್ಚಿಮ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಕೆಂಪಂಗಿಯವರ ಚೌಕ ವ್ಯೂಹದ ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್ ಬೇಲಿ, ಅವನ ಬಳಿಯಲ್ಲೇ ಸಿಡಿಯುತ್ತಿರುವ ಮದ್ದಿನ ಬಂಡಿ, ಸುತ್ತ ಕುದುರೆಗಳ ಕಿಕ್ಕಿರಿದ ಸಾಲು. ಇಷ್ಟೆಲ್ಲ ರಕ್ತಪಾತದ ಮಧ್ಯೆ ಟಿಪ್ಪು ಗುಲಾಬಿಯೊಂದನ್ನು ಮೂಸುತ್ತಿದ್ದಾನೆ! ಇದೂ ಒಂದು ಪ್ರಚಾರದ ಚಿತ್ರವೇ, ಸಂಶಯ ಬೇಡ. ಗೆದ್ದವರು ಗೋಡೆಯ ಮೇಲೆ ಬರೆಸಿಕೊಂಡದ್ದು. ಡಾಲ್‌ಹೌಸಿಯ ಆಜ್ಞೆಯಂತೆ 1855ರಲ್ಲಿ ಮತ್ತೆ ಬಣ್ಣ ಬಳಿದದ್ದರಿಂದ ಮೂಲದ ಗೆರೆ ಎಷ್ಟು ಉಳಿದಿದೆ ಎಂಬ ಪ್ರಶ್ನೆಯೂ ಇದೆ. ಆದರೂ ಆ ಕಲಾವಿದನಿಗೆ ತನ್ನ ದೊರೆಯನ್ನು ಕತ್ತಿ ಝಳಪಿಸುವವನನ್ನಾಗಿ ತೋರಿಸುವ ತುರ್ತು ಕಾಣಲಿಲ್ಲ. ಇಂದಿನ ಭಕ್ತರಿಗೂ ವಿರೋಧಿಗಳಿಗೂ ಇರುವ ತುರ್ತು ಅದು.

ಈ ಇಬ್ಬರ ನಡುವಿನ ಒಪ್ಪಂದವನ್ನು ಗಮನಿಸಬೇಕು. 2015ರಲ್ಲಿ ಸರಕಾರ ಜಯಂತಿ ಆರಂಭಿಸಿದಾಗಲೂ 2019ರಲ್ಲಿ ಅದನ್ನು ಕೈಬಿಟ್ಟಾಗಲೂ ಎರಡೂ ಕಡೆಯವರ ಕೈಯಲ್ಲಿದ್ದದ್ದು ಒಂದೇ ಖಡ್ಗದ ಚಿತ್ರ. ಒಬ್ಬರು ಅದಕ್ಕೆ ಹಾರ ಹಾಕಿದರು, ಇನ್ನೊಬ್ಬರು ಮಸಿ ಬಳಿದರು. ಕೊಡಗಿನವರ ನೋವು, 1784ರಲ್ಲಿ ಮಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಸೆರೆ ಹೋದ ಕ್ರೈಸ್ತರ ನೋವು ಆ ದಂಡಿನ ಚರಿತ್ರೆಯಲ್ಲೇ ಸೇರಿದೆ. ಅದನ್ನು ಮರೆಮಾಚುವ ಅಭಿಮಾನ ನಮಗೆ ಬೇಡ. ಆದರೆ ಒಂದು ರಾಜ್ಯದ ನ್ಯಾಯ-ಅನ್ಯಾಯಗಳನ್ನು ತೂಗುವುದಕ್ಕೆ ಅದು ನಿಜವಾದ ರಾಜ್ಯವಾಗಿರಬೇಕು. ಆಟದ ಪಕ್ಷವನ್ನು ಯಾರೂ ವಿಚಾರಣೆಗೆ ಗುರಿಪಡಿಸಲಾರರು, ಅದರ ಪರ ಅಥವಾ ವಿರುದ್ಧ ಆಡಬಹುದಷ್ಟೆ. ಮುಸ್ಲಿಮ್ ಹುಡುಗನೊಬ್ಬನಿಗೆ ಅವನ ಪರಂಪರೆ ಎಂದು ಖಡ್ಗವೊಂದನ್ನೇ ತೋರಿಸಿದರೆ, ಅಝಾಮಿಗಳ ಹಾಗೆ ಅವನೂ ಕಾದಾಡಲಿಕ್ಕೆಂದೇ ಮೇಜಿನ ಮೇಲಿಟ್ಟ ಗೊಂಬೆಯಾಗುತ್ತಾನೆ. ಅವನ ಅಜ್ಜ ಕಮ್ಮಾರನೋ ಲಾಯದವನೋ ಆಗಿದ್ದಿರಬಹುದು ಎಂಬುದು ಅವನಿಗೆ ಹೊಳೆಯುವುದೇ ಇಲ್ಲ.

2023ರ ಮೇ ತಿಂಗಳಲ್ಲಿ ಟಿಪ್ಪುವಿನ ಒಂದು ಖಡ್ಗ ಲಂಡನ್ನಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹರಾಜಾಯಿತು, ಪತ್ರಿಕೆಗಳ ಮುಖಪುಟದಲ್ಲಿ ಬಂತು. ಅದಕ್ಕೆ ಐದು ವರ್ಷ ಮೊದಲು, 2018ರ ಜುಲೈಯಲ್ಲಿ, ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯೊಂದನ್ನು ತೋಡಿದಾಗ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕಿದ್ದವು. ಬಾವಿಯ ಕೆಸರಿನಲ್ಲಿ ಮದ್ದಿನ ವಾಸನೆ ಇನ್ನೂ ಇತ್ತು. ಗೇಣುದ್ದದ ಆ ತುಕ್ಕುಹಿಡಿದ ಕೊಳವೆಗಳ ಮೇಲೆ ಹುಲಿಯಿಲ್ಲ, ಸುಲ್ತಾನನ ಮುದ್ರೆಯ ವೈಭವವಿಲ್ಲ. ಯಾರೋ ಕಮ್ಮಾರರು ಒಂದೊಂದನ್ನೂ ಬಡಿದು ಸುತ್ತಿ, ಮದ್ದು ತುಂಬಿ ಮುಚ್ಚಿದ್ದಾರೆ.