‘ಉದ್ಭವಿಸುವುದಿಲ್ಲ’ ಎಂಬ ಉತ್ತರ

ದಲಿತ ವಿಮರ್ಶೆ ಕವಿತೆಯನ್ನು ಓದಿತು, ಆತ್ಮಕಥೆಯನ್ನು ಓದಿತು. ಸದನದ ನಡಾವಳಿಯನ್ನು ಮಾತ್ರ ವರದಿಗಾರರಿಗೆ ಬಿಟ್ಟುಕೊಟ್ಟಿತು. 1988ರಲ್ಲಿ ಸಿದ್ಧಲಿಂಗಯ್ಯ ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ, ಕವಿ ಸರ್ಕಾರದ ಪಾಲಾದರೆಂಬ ಗೊಣಗಾಟ ಚಳವಳಿಯೊಳಗೇ ಇತ್ತು. ಎರಡು ಅವಧಿಗಳಲ್ಲಿ ಅವರು ಅಲ್ಲಿ ಆಡಿದ ಮಾತುಗಳು ‘ಸದನದಲ್ಲಿ ಸಿದ್ಧಲಿಂಗಯ್ಯ’ ಎಂಬ ಹೆಸರಲ್ಲಿ ಪುಸ್ತಕವಾದವು. ‘ಹೊಲೆಮಾದಿಗರ ಹಾಡು’ (1975) ಕುರಿತು ಬರೆದ ನಾವು ಇದರ ಬಗ್ಗೆ ಯಾಕೆ ಸುಮ್ಮನಿದ್ದೇವೆ? ಸಿಟ್ಟಿದ್ದರೆ ಸಾಹಿತ್ಯ, ಲೆಕ್ಕ ಕೇಳಿದರೆ ಬರೀ ರಾಜಕಾರಣ ಎಂಬ ಮೇಲ್ಜಾತಿ ವಿಮರ್ಶೆಯ ಗೆರೆಯನ್ನು ನಾವೂ ಒಪ್ಪಿಕೊಂಡುಬಿಟ್ಟೆವಾ?

ಸದನದ ಪ್ರಶ್ನೆಗೂ ಒಂದು ವ್ಯಾಕರಣವಿದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಹಾಕಬಹುದು. ಚುಕ್ಕೆಯಿಲ್ಲದ್ದಕ್ಕೆ ಲಿಖಿತ ಉತ್ತರ, ಅಲ್ಲಿಗೆ ಮುಗೀತು. ಹೀಗೊಂದು ಪ್ರಶ್ನೆ ಇಟ್ಟುಕೊಳ್ಳೋಣ: (ಅ) ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮವೇನು? ಮೊದಲನೆಯದಕ್ಕೆ ‘ಇಲ್ಲ’ ಎಂದುಬಿಟ್ಟರೆ ಸಾಕು, ಎರಡನೆಯದರ ಎದುರು ‘ಉದ್ಭವಿಸುವುದಿಲ್ಲ’ ಎಂದು ಬರೆಯಬಹುದು. ತಲೆಯ ಮೇಲೆ ಮಲ ಹೊರುವುದನ್ನು ಬಿ. ಬಸವಲಿಂಗಪ್ಪ ಮಂತ್ರಿಯಾಗಿ ನಿಷೇಧಿಸಿದ್ದು ಎಪ್ಪತ್ತರ ದಶಕದಲ್ಲಿ. ಅಂದಿನಿಂದ ನಮ್ಮ ಜನ ಒಂದು ಕೋಷ್ಟಕದೊಳಗೆ ಉದ್ಭವಿಸುವುದಕ್ಕೇ ಹೋರಾಡುತ್ತಿದ್ದಾರೆ.

ಕೇಳುವವರೂ ಜಾಣರಾಗಬೇಕು. ಪರಿಶಿಷ್ಟರ ಜನಸಂಖ್ಯೆಗೆ ತಕ್ಕಂತೆ ಯೋಜನಾ ಹಣದಲ್ಲಿ ಪಾಲು ಕೊಡಲು 2013ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಬಂತು. ಆದರೆ ಅದರ 7(ಡಿ) ಕಲಮು, ಊರಿಗೆಲ್ಲ ಮಾಡಿದ ಕಾಮಗಾರಿಯ ಒಂದು ಪಾಲನ್ನು ದಲಿತರಿಗೇ ಖರ್ಚಾಯಿತೆಂದು ಭಾವಿಸಿಕೊಳ್ಳಲು ಬಿಟ್ಟಿತು. ಎಷ್ಟು ಖರ್ಚಾಯಿತು ಎಂದು ಕೇಳಿದ ಶಾಸಕರಿಗೆ ತುಂಬಿದ ಅಂಕಿ ಸಿಗುತ್ತಿತ್ತು. ಯಾವ ಕಲಮಿನಡಿ, ಯಾವ ಕೇರಿಗೆ ಎಂದು ಕೇಳಿದರಷ್ಟೇ ಅದರ ಹೊಟ್ಟೆ ಬಯಲಾಗುತ್ತಿತ್ತು. ಹತ್ತು ವರ್ಷದ ಕೂಗಾಟದ ನಂತರ, 2023ರಲ್ಲಿ, ಆ ಕಲಮನ್ನು ತೆಗೆದರು. ಅದೇ 2023-24ರ ಸಾಲಿನಲ್ಲಿ ಈ ನಿಧಿಯ 34,294 ಕೋಟಿಯಲ್ಲಿ 11,144 ಕೋಟಿ ರೂಪಾಯಿ ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಹೋಯಿತು. ಫಲಾನುಭವಿಗಳಲ್ಲಿ ಪರಿಶಿಷ್ಟರೂ ಇದ್ದಾರಲ್ಲ ಎಂಬುದು ಸರ್ಕಾರದ ಉತ್ತರ. ಎಲ್ಲರಿಗೂ ಕೊಡುವುದನ್ನು ನಮ್ಮ ಪಾಲಿನಿಂದಲೇ ಯಾಕೆ ಕೊಡಬೇಕು? ಉಪಪ್ರಶ್ನೆ ಹುಟ್ಟಬೇಕಾದ್ದು ಇಲ್ಲಿ.

ಜಯನಗರ, ಬನಶಂಕರಿಯ ಬೀದಿಗಳನ್ನು ನಸುಕಿಗೇ ಗುಡಿಸುವ ಪೌರಕಾರ್ಮಿಕರನ್ನು ನೋಡಿ. ಹೆಚ್ಚಿನವರು ದಲಿತ ಹೆಣ್ಣುಮಕ್ಕಳು. ಬಿಬಿಎಂಪಿ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರಲ್ಲಿ ಪಾಲಿಕೆಯನ್ನೇ ಐದಾಗಿ ಒಡೆಯುವವರೆಗೂ ಚುನಾವಣೆ ನಡೆಯಲಿಲ್ಲ. ಅಷ್ಟೂ ವರ್ಷ ವಾರ್ಡಿನ ಕುಡಿಯುವ ನೀರು, ಶೌಚಾಲಯದ ಪ್ರಶ್ನೆ ಕೇಳಲು ಕಾರ್ಪೊರೇಟರೇ ಇರಲಿಲ್ಲ. ಅಧಿಕಾರ ವಿಕೇಂದ್ರೀಕರಣದ ಭಾಷಣಗಳ ನಡುವೆಯೇ ಪೊರಕೆಯ ಪ್ರಶ್ನೆ ವಿಧಾನಸೌಧದ ಮೆಟ್ಟಿಲು ಹತ್ತಬೇಕಾಯಿತು.

ಹಾಗಂತ ಸದನದಲ್ಲಿ ಕೇಳಿದ್ದೇ ಹೋರಾಟ ಅಂತ ನಾನು ಹೇಳುತ್ತಿಲ್ಲ. ನಾಮಕರಣ ಮಾಡಿದವರನ್ನೇ ಪ್ರಶ್ನಿಸುವ ಇಕ್ಕಟ್ಟು ಸಿದ್ಧಲಿಂಗಯ್ಯನವರ ಮಾತಿನ ಮೇಲೆ ಯಾವ ಗುರುತು ಬಿಟ್ಟಿತು ಎಂಬುದನ್ನೂ ನಿಷ್ಠುರವಾಗಿ ಓದಬೇಕು. ಆದರೆ ಓದಬೇಕು. 1927ರಿಂದ ಅಂಬೇಡ್ಕರರು ಮುಂಬೈ ಶಾಸನ ಪರಿಷತ್ತಿನಲ್ಲಿ ಕೂತಿದ್ದರು. ಅದೇ ವರ್ಷ ಮಹಾಡದ ಕೆರೆಗೂ ಇಳಿದರು. ಕೆರೆಯನ್ನಷ್ಟೇ ನೆನೆದು ಪರಿಷತ್ತನ್ನು ಮರೆಯುವುದು ಅರ್ಧ ಓದು.